ಬಣ್ಣ ಎಂಬ ಹೆಸರಿನ ಮನುಷ್ಯ

ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಬಾದಾಮಿ ಮರ ಇದೆ. ಡ್ರೈಫ್ರೂಟ್ ಅಂಗಡಿಯ ಬಾದಾಮಿ ಅಲ್ಲ, ಮುಂಬೈಯ ಗಲ್ಲಿಗಲ್ಲಿಯಲ್ಲೂ ಕಾಣುವ ಅಗಲ ಎಲೆಯದ್ದು. ಚಳಿ ಮುಗಿಯುವ ಹೊತ್ತಿಗೆ ಎಲೆಗಳು ಹಳದಿ, ಕೆಂಪಾಗಿ ಉದುರುತ್ತವೆ. ವಾಚ್‌ಮನ್ ಬೈದುಕೊಂಡು ಗುಡಿಸುತ್ತಾನೆ. ಮೊನ್ನೆ ಮೊಮ್ಮಗ ಅಂಥದ್ದೊಂದು ಎಲೆ ಹಿಡಿದು "ಅಜ್ಜ, ಇದರ ಹಸಿರು ಎಲ್ಲಿ ಹೋಯ್ತು?" ಅಂದ. ಮೂವತ್ತೈದು ವರ್ಷದಿಂದ ಅದೇ ಮರದ ಕೆಳಗೆ ಓಡಾಡುವ ನನಗೆ ಒಮ್ಮೆಯೂ ಈ ಪ್ರಶ್ನೆ ಬಂದಿರಲಿಲ್ಲ ನೋಡಿ!

ಉತ್ತರ ಹುಡುಕಲು ಹೋದವನಿಗೆ ಸಿಕ್ಕಿದವನು ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯವಿಜ್ಞಾನಿ. ರಷ್ಯನ್ ಭಾಷೆಯಲ್ಲಿ 'ತ್ಸ್ವೆತ್' ಅಂದರೆ ಬಣ್ಣ ಅಂತಲೇ ಅರ್ಥ.

ಹುಟ್ಟಿದ್ದು 1872ರಲ್ಲಿ, ಇಟಲಿಯಲ್ಲಿ. ಅಪ್ಪ ರಷ್ಯದವರು, ಅಮ್ಮ ಇಟಲಿಯವರು. ಓದಿದ್ದು ಜಿನೀವಾದಲ್ಲಿ, ಅಲ್ಲೇ 1896ರಲ್ಲಿ ಡಾಕ್ಟರೇಟ್. ಅಪ್ಪನ ದೇಶಕ್ಕೆ ಹೋದರೆ ಆ ಡಿಗ್ರಿ ನಡೆಯುವುದಿಲ್ಲ ಅಂದರು. ಪಾಪ, ಮತ್ತೆ ಮೊದಲಿನಿಂದ ಪ್ರಬಂಧ ಬರೆಯಬೇಕಾಯಿತು. ನಾನು ಊರಿನ ಡಿಗ್ರಿ ಹಿಡಿದು ಇಲ್ಲಿಗೆ ಬಂದಾಗ ಒಂದು ಆಫೀಸಿನ ಗುಮಾಸ್ತ ನನ್ನ ಸರ್ಟಿಫಿಕೇಟನ್ನು ತಿರುಗಿಸಿ ತಿರುಗಿಸಿ ನೋಡಿದ್ದು ನೆನಪಾಯಿತು... ಇರಲಿ. ಕೊನೆಗೆ ಆತನಿಗೆ ಕೆಲಸ ಸಿಕ್ಕಿದ್ದು ಆಗ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾದಲ್ಲಿ.

ಎಲೆಯ ಹಸಿರಿಗೆ ಕ್ಲೋರೋಫಿಲ್ ಎಂದು ಫ್ರಾನ್ಸಿನ ಪೆಲೆಟಿಯೇ ಮತ್ತು ಕಾವೆಂಟೂ 1817ರಲ್ಲೇ ಹೆಸರಿಟ್ಟಿದ್ದರು. ಎಲೆಯ ರಸ ಬೆಳಕನ್ನು ಹೇಗೆ ನುಂಗುತ್ತದೆ ಎಂದು ನೋಡಿದ ಇಂಗ್ಲೆಂಡಿನ ಸ್ಟೋಕ್ಸ್, ಇದು ಒಂದೇ ಬಣ್ಣವಲ್ಲ, ಎರಡು ಹಸಿರು ಎರಡು ಹಳದಿಯ ಬೆರಕೆ ಎಂದು 1864ರಲ್ಲಿ ಹೇಳಿದ್ದರು. ಆದರೆ ಬೇರೆ ಮಾಡುವುದು ಹೇಗೆ? ಆಸಿಡ್, ಕ್ಷಾರ ಹಾಕಿದರೆ ಬಣ್ಣವೇ ಕೆಟ್ಟುಹೋಗುತ್ತಿತ್ತು.

ತ್ಸ್ವೆತ್ ಮಾಡಿದ್ದು ಬಹಳ ಸರಳ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ಒತ್ತಿ ತುಂಬಿ, ಮೇಲಿನಿಂದ ಎಲೆಯ ರಸ ಸುರಿದರು. ಅದರ ಮೇಲೆ ಶುದ್ಧ ದ್ರಾವಕ ಬಿಟ್ಟರು. ಸುಣ್ಣಕ್ಕೆ ಹೆಚ್ಚು ಅಂಟುವ ಬಣ್ಣ ಮೇಲೆಯೇ ಉಳಿಯಿತು, ಕಡಿಮೆ ಅಂಟುವುದು ಕೆಳಗಿಳಿಯಿತು. ಕ್ಯಾರೊಟಿನ್ ಎಲ್ಲಕ್ಕಿಂತ ಮೊದಲು ಹೊರಗೆ ಬಂತು. ಬಿಳಿ ಸುಣ್ಣದ ಮೇಲೆ ಹಳದಿ-ಹಸಿರು, ನೀಲಿ-ಹಸಿರು, ಹಳದಿ ಹೀಗೆ ಪಟ್ಟಿಗಳು. ಬೆಳಕು ಏಳು ಬಣ್ಣವಾಗಿ ಬಿಡಿಸಿಕೊಳ್ಳುವುದಕ್ಕೆ ಆತನೇ ಇದನ್ನು ಹೋಲಿಸಿದ್ದಾರೆ. ಪಟ್ಟಿಗಳನ್ನು ಕತ್ತರಿಸಿ, ಕರಗಿಸಿ, ಒಂದೊಂದರ ಮೂಲಕವೂ ಬೆಳಕು ಹಾಯಿಸಿ ನೋಡಿದರು. ಎರಡು ಹಸಿರುಗಳು ಕೆಂಪು ಮತ್ತು ನೀಲಿ ಬೆಳಕನ್ನು ನುಂಗುತ್ತವೆ. ಉಳಿದ ಹಸಿರು ನಮ್ಮ ಕಣ್ಣಿಗೆ ಬರುತ್ತದೆ. ಹಳದಿಗಳು ನುಂಗುವುದು ನೀಲಿಯ ಕಡೆಯದನ್ನು. 1903ರಲ್ಲಿ ವಾರ್ಸಾದಲ್ಲಿ ಈ ವಿಧಾನದ ಬಗ್ಗೆ ಭಾಷಣ ಮಾಡಿದರು. 1906ರಲ್ಲಿ ಅದಕ್ಕೆ ಕ್ರೊಮಾಟೊಗ್ರಫಿ, ಅಂದರೆ ಬಣ್ಣದ ಬರಹ ಎಂದು ಹೆಸರಿಟ್ಟರು.

ಮೊಮ್ಮಗನಿಗೆ ಉತ್ತರ ಇದರಲ್ಲೇ ಇತ್ತು. ಹಳದಿ ಹೊಸದಾಗಿ ಬಂದದ್ದಲ್ಲ, ಮೊದಲೇ ಒಳಗಿತ್ತು. ಎಲೆಗೆ ವಯಸ್ಸಾದಾಗ ಹಸಿರು ಒಡೆದುಹೋಗುತ್ತದೆ, ಅಡಗಿದ್ದ ಹಳದಿ ಕಾಣುತ್ತದೆ. ಬಾದಾಮಿಯ ಕೆಂಪು ಮಾತ್ರ ಬೇರೆ: ಆಂಥೋಸಯಾನಿನ್, ಎಲೆ ಉದುರುವ ಮುಂಚೆ ಹೊಸದಾಗಿ ತಯಾರಾಗುವಂಥದ್ದು.

ಆದರೆ ದೊಡ್ಡ ರಸಾಯನಶಾಸ್ತ್ರಜ್ಞರು ತ್ಸ್ವೆತ್‌ರನ್ನು ನಂಬಲಿಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಅದೇ ಪ್ರಯೋಗ ಮಾಡಿ ನೋಡಿದರು. ಬಳಸಿದ ಪುಡಿ ಬಣ್ಣವನ್ನೇ ಕೆಡಿಸಿತು. ವಿಧಾನವೇ ಸರಿಯಿಲ್ಲ ಎಂದಾಯಿತು! ಕ್ಲೋರೋಫಿಲ್ ಸಂಶೋಧನೆಗೆ 1915ರ ನೊಬೆಲ್ ವಿಲ್‌ಸ್ಟೆಟರ್‌ಗೆ ಬಂತು (ಅವರ ಕೆಲಸವೂ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ). ಅದೇ ವರ್ಷ ಜರ್ಮನ್ ಸೇನೆ ವಾರ್ಸಾ ಹಿಡಿಯಿತು. ತ್ಸ್ವೆತ್ ಊರಿಂದ ಊರಿಗೆ ಅಲೆದು, 1919ರಲ್ಲಿ ವೊರೊನೆಜ್‌ನಲ್ಲಿ ತೀರಿಕೊಂಡರು. ವಯಸ್ಸು 47.

1931ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಎಡ್ಗರ್ ಲೆಡರರ್ ಎಂಬ ತರುಣ ಅದೇ ಸುಣ್ಣದ ಕೊಳವೆಯಿಂದ ಮೊಟ್ಟೆಯ ಭಂಡಾರದ ಹಳದಿಗಳನ್ನು ಬೇರ್ಪಡಿಸಿದರು. ಅವರಿಗೆ ದಾರಿ ತೋರಿಸಿದ್ದು ತ್ಸ್ವೆತ್‌ರ ರಷ್ಯನ್ ಪುಸ್ತಕದ ಜರ್ಮನ್ ಅನುವಾದ. ಆ ಅನುವಾದ ಬಂದದ್ದು ಯಾರಿಂದ ಗೊತ್ತೇ? ವಿಲ್‌ಸ್ಟೆಟರ್‌ರಿಂದ.

ಭಾನುವಾರ ನಾವೂ ಪಾಲಕ್ ಅರೆದು, ಸ್ಪಿರಿಟ್‌ನಲ್ಲಿ ನೆನೆಸಿ, ಅದರಲ್ಲಿ ಒಂದು ಸೀಮೆಸುಣ್ಣದ ಕಡ್ಡಿ ನಿಲ್ಲಿಸಿದೆವು. ಹಸಿರಿನ ಮೇಲೆ ತೆಳ್ಳಗೆ ಒಂದು ಹಳದಿ ಗೆರೆ ಬಂತು. "ಕೆಂಪು ಎಲ್ಲಿ ಅಜ್ಜ?" ಪಾಲಕಿನಲ್ಲಿ ಎಲ್ಲಿಂದ ಬರಬೇಕು ಮಾರಾಯ ಅಂದೆ. ಬರುವ ಭಾನುವಾರಕ್ಕೆ ಕೆಂಪು ಹರಿವೆ ತರಬೇಕಂತೆ.