ಮರವೇ ಹೇಳಿದ ಮನೆಯ ವಯಸ್ಸು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೆಡಮ್ ಊರಿನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆ, ಉತ್ತರ ಅಮೆರಿಕದಲ್ಲಿ ಇಂದಿಗೂ ನಿಂತಿರುವ ಮರದ ಚೌಕಟ್ಟಿನ ಮನೆಗಳಲ್ಲೆಲ್ಲ ಹಳೆಯದು. ಯಾರ್ಕ್‌ಶೈರಿನಿಂದ ವಲಸೆ ಬಂದ ಜೊನಾಥನ್ ಮತ್ತು ಗ್ರೇಸ್ ಫೇರ್‌ಬ್ಯಾಂಕ್ಸ್ ದಂಪತಿ ಇಲ್ಲಿ ಸಂಸಾರ ಹೂಡಿದರು. ಎಂಟು ತಲೆಮಾರು ಅದೇ ಸೂರಿನಡಿ ಬಾಳಿತು.

ಕಟ್ಟಿದ ಬಗೆ ಸರಳ. ನಡುವೆ ಭಾರೀ ಚಿಮಣಿ, ಅದರ ಎರಡೂ ಪಕ್ಕ ಒಂದೊಂದು ಕೋಣೆ, ಮೇಲೆ ಮಲಗುವ ಕೋಣೆಗಳು, ಕಡಿದಾದ ಇಳಿಜಾರಿನ ಮಾಡು. ಅಡುಗೆ, ಊಟ, ಕೆಲಸ ಒಂದು ಕೋಣೆಯಲ್ಲಿ. ಒಳ್ಳೆಯ ಸಾಮಾನು, ಯಜಮಾನರ ಹಾಸಿಗೆ ಇನ್ನೊಂದರಲ್ಲಿ. ಓಕ್ ತೊಲೆಯ ತುದಿಯನ್ನು ಕಿರಿದಾಗಿ ಕೆತ್ತಿ, ಕಂಬದ ಕುಳಿಯಲ್ಲಿ ಕೂರಿಸಿ, ಮರದ ಗೂಟ ಬಡಿದು ಬಿಗಿಯುತ್ತಿದ್ದರು. ಇದು ಇಂಗ್ಲೆಂಡಿನ ಬಡಗಿಗಳ ಕಸುಬು. ಆದರೆ ಹೊಸ ನೆಲದ ಚಳಿಗೆ ಮಣ್ಣು ಮೆತ್ತಿದ ತಡಿಕೆಗೋಡೆ ಸಾಲಲಿಲ್ಲ. ಕಾಡಿನ ಮರಕ್ಕೇನೂ ಬರವಿರಲಿಲ್ಲವಾದ್ದರಿಂದ ಹೊರಗೋಡೆಗೆ ಹಲಗೆಯ ಹೊದಿಕೆ ಬಂತು. ಬೆಂಕಿಗೆ ಹೆದರಿ ಬಾಸ್ಟನ್ನಿನಲ್ಲಿ 1631ರಲ್ಲೇ ಮರದ ಚಿಮಣಿ ಮತ್ತು ಹುಲ್ಲಿನ ಮಾಡುಗಳನ್ನು ನಿಷೇಧಿಸಿದ್ದರು.

ಇಂಥ ಮನೆಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ಹೆಚ್ಚಿನವರಿಗೆ ಪೂರ್ವಜರ ಅಭಿಮಾನವೇ ಮುಖ್ಯವಾಗಿತ್ತು. ಮನೆತನದಲ್ಲಿ ಹೇಳಿಕೊಂಡು ಬಂದ ಇಸವಿಯೇ ಮನೆಯ ಇಸವಿ. ನಾರ್ಮನ್ ಐಷಮ್ ಮತ್ತು ಆಲ್ಬರ್ಟ್ ಬ್ರೌನ್ 1895ರಲ್ಲಿ ರೋಡ್ ಐಲೆಂಡಿನ ಹಳೆಯ ಮನೆಗಳನ್ನು ಅಳೆದು, ನಕ್ಷೆ ಬರೆದು ಪ್ರಕಟಿಸಿದಾಗ ಕಟ್ಟಡವನ್ನೇ ದಾಖಲೆಯಾಗಿ ಓದುವ ಕ್ರಮಕ್ಕೆ ನೆಲೆ ಸಿಕ್ಕಿತು. 1910ರಲ್ಲಿ ವಿಲಿಯಂ ಸಮ್ನರ್ ಆಪಲ್ಟನ್ ನ್ಯೂ ಇಂಗ್ಲೆಂಡಿನ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಮೊದಲ ಇಂಗ್ಲಿಷ್ ವಲಸಿಗರು ದಿಮ್ಮಿ ಪೇರಿಸಿದ ಗುಡಿಸಲುಗಳಲ್ಲಿದ್ದರೆಂಬ ಜನಪ್ರಿಯ ನಂಬಿಕೆಯನ್ನು ಹೆರಾಲ್ಡ್ ಶರ್ಟ್‌ಲೆಫ್ ಅವರ 1939ರ ಪುಸ್ತಕ ಅಳಿಸಿಹಾಕಿತು.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಕೃತಿ ಆಬಟ್ ಲೋವೆಲ್ ಕಮಿಂಗ್ಸ್ 1979ರಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಯ ಚೌಕಟ್ಟಿನ ಮನೆಗಳ ಬಗ್ಗೆ ಹೊರತಂದದ್ದು. ಒಂದು ಜೋಡಣೆ ನೋಡಿ ಬಡಗಿ ಇಂಗ್ಲೆಂಡಿನ ಯಾವ ಸೀಮೆಯಲ್ಲಿ ಪಳಗಿದವನೆಂದು ಗುರುತಿಸುವಷ್ಟು ತಾಳ್ಮೆ ಅವರದು. ಮೃತರ ಆಸ್ತಿಪಟ್ಟಿಗಳನ್ನೂ ಓದಿ, ಯಾವ ಕೋಣೆಯಲ್ಲಿ ಏನಿತ್ತೆಂದು ತಿಳಿದುಕೊಂಡರು.

ಆಮೇಲೆ ಮರದ ವಾರ್ಷಿಕ ಉಂಗುರಗಳ ಸರದಿ. ಒಳ್ಳೆಯ ವರ್ಷ ಉಂಗುರ ಅಗಲ, ಕೆಟ್ಟ ವರ್ಷ ಕಿರಿದು. ಒಂದೇ ಪ್ರದೇಶದ ಮರಗಳಲ್ಲಿ ಈ ಸಾಲು ಹೊಂದುತ್ತದೆ. ತೊಗಟೆಯಡಿಯ ಕೊನೆಯ ಉಂಗುರ ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ, ಹಾಗಾಗಿ ಹಸಿಮರವನ್ನೇ ಬಳಸುತ್ತಿದ್ದರು. ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ದೂರವಿಲ್ಲ. ಈ ಪರೀಕ್ಷೆಯಲ್ಲಿ ಹಲವು ಮನೆಗಳ ಹಿರಿತನ ಕರಗಿತು. 1640ರದೆಂದು ನಂಬಿದ್ದ ಇಪ್ಸ್‌ವಿಚ್‌ನ ವಿಪ್ಪಲ್ ಮನೆ 1677ಕ್ಕೆ ಇಳಿಯಿತು; 1654ರದೆನ್ನುತ್ತಿದ್ದ ನ್ಯೂಬರಿಯ ಕಾಫಿನ್ ಮನೆ 1678ಕ್ಕೆ. ಫೇರ್‌ಬ್ಯಾಂಕ್ಸ್ ಮನೆ ಮಾತ್ರ ಗೆದ್ದಿತು: ಅದರ ಮರ ಕಡಿದದ್ದು 1637ರಿಂದ 1641ರ ನಡುವೆ.

ಉಳಿದ ಮನೆಗಳನ್ನಷ್ಟೇ ನೋಡಿದರೆ ಚಿತ್ರ ವಾರೆಯಾಗುತ್ತದೆ. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಬಹುಪಾಲು ಜನ ಕಂಬಗಳನ್ನು ನೇರ ನೆಲಕ್ಕೆ ಹೂಳಿ ಮನೆ ಕಟ್ಟುತ್ತಿದ್ದರು, ಅವು ಕೆಲವೇ ದಶಕಗಳಲ್ಲಿ ಕೊಳೆತುಹೋದವು. ಕಂಬದ ಗುಳಿಗಳ ಕಪ್ಪು ಕಲೆಯಿಂದ ಉತ್ಖನನಕಾರರು ಆ ಮನೆಗಳನ್ನು ಗುರುತಿಸಿದರು; 1981ರಲ್ಲಿ ಕೇರಿ ಕಾರ್ಸನ್ ಮತ್ತು ಸಂಗಡಿಗರು ಬರೆದ ದೀರ್ಘ ಪ್ರಬಂಧ ಈ ಅಳಿದ ಮನೆಗಳನ್ನು ಇತಿಹಾಸದೊಳಗೆ ತಂದಿತು. ಗುಲಾಮರ ಬಿಡಾರಗಳೂ, ಎಳೆಯ ಮರಗಳನ್ನು ಬಾಗಿಸಿ ಚಾಪೆ-ತೊಗಟೆ ಹೊದಿಸುತ್ತಿದ್ದ ಮೂಲನಿವಾಸಿಗಳ ಮನೆಗಳೂ ಈಚೆಗಷ್ಟೇ ಈ ಓದಿನಲ್ಲಿ ಜಾಗ ಪಡೆಯುತ್ತಿವೆ. ಅವುಗಳನ್ನು ಬಿಟ್ಟು ಬರೆದ ವಸಾಹತು ಮನೆಯ ಚರಿತ್ರೆ ಅರ್ಧ ಚರಿತ್ರೆ.