ದಾಂಪತ್ಯವೂ ಗಡಿರೇಖೆಯೂ: ಐರೋಪ್ಯ ಒಕ್ಕೂಟದಲ್ಲಿ ವೀಸಾ ವಿನಾಯಿತಿಯ ಚರಿತ್ರೆ

ಒಂದು ನಾಡಿನ ಪ್ರಜೆ ದುಡಿಮೆಯನ್ನರಸಿ ಮತ್ತೊಂದು ನಾಡಿಗೆ ನಿರಾತಂಕವಾಗಿ ಹೋಗಬಹುದೆಂದು ಕಾನೂನು ಒಪ್ಪಿಕೊಂಡ ಮೇಲೆ, ಅವನ ಕೈಹಿಡಿದವಳು ಆ ಎರಡು ನಾಡುಗಳಿಗೂ ಸೇರದವಳಾಗಿದ್ದರೆ ಅವಳ ಗತಿಯೇನೆಂಬ ಪ್ರಶ್ನೆ ತಾನಾಗಿಯೇ ತಲೆಯೆತ್ತುತ್ತದೆ. ಐರೋಪ್ಯ ಒಕ್ಕೂಟವು ಈ ಪ್ರಶ್ನೆಗೆ ಉತ್ತರವನ್ನು ಅರ್ಧ ಶತಮಾನದ ಅವಧಿಯಲ್ಲಿ, ಕೆಲವೊಮ್ಮೆ ಶಾಸನಗಳ ಮೂಲಕವೂ ಹಲವೊಮ್ಮೆ ಲಕ್ಸೆಂಬರ್ಗಿನಲ್ಲಿರುವ ತನ್ನ ನ್ಯಾಯಾಲಯದ ತೀರ್ಪುಗಳ ಮೂಲಕವೂ ಕಂಡುಕೊಂಡಿತು. ಈ ಚರಿತ್ರೆಯನ್ನು ಆದ್ಯಂತವಾಗಿ ನೋಡಿದವರಿಗೆ ಎರಡು ಸಂಗತಿಗಳು ಮನದಟ್ಟಾಗುತ್ತವೆ: ವಿದೇಶೀ ಸಂಗಾತಿಗೆ ದೊರೆತ ಹಕ್ಕಿನ ಬೇರು ಪ್ರಜೆಯ ಸಂಚಾರಸ್ವಾತಂತ್ರ್ಯದಲ್ಲಿದೆ, ಆ ಹಕ್ಕಿನ ಬಲವಾದರೋ ಒಂದು ರಾಷ್ಟ್ರವು ಕೊಟ್ಟ ಪತ್ರವನ್ನು ಮತ್ತೊಂದು ರಾಷ್ಟ್ರವು ಎಷ್ಟರಮಟ್ಟಿಗೆ ನಂಬುತ್ತದೆಂಬುದನ್ನು ಅವಲಂಬಿಸಿದೆ.

1957ರ ಮಾರ್ಚ್ 25ರಂದು ರೋಮ್ ನಗರದಲ್ಲಿ ಆರು ರಾಷ್ಟ್ರಗಳು ಸಹಿಮಾಡಿದ ಒಪ್ಪಂದವು ಕಾರ್ಮಿಕರ ಮುಕ್ತ ಸಂಚಾರವನ್ನು ಘೋಷಿಸಿತಾದರೂ ಅವರ ಹೆಂಡಿರು ಮಕ್ಕಳ ಮಾತನ್ನು ಅಲ್ಲಿ ವಿವರವಾಗಿ ಎತ್ತಲಿಲ್ಲ. ಸಂಸಾರವನ್ನು ಹಿಂದೆ ಬಿಟ್ಟು ಬರಬೇಕಾದ ಕಾರ್ಮಿಕನು ಮನೆಬಿಟ್ಟು ಹೊರಡಲು ಹಿಂಜರಿಯುವನೆಂಬ ವ್ಯಾವಹಾರಿಕ ಸತ್ಯವನ್ನರಿತು ಆ ಕೊರತೆಯನ್ನು ತುಂಬಿದುದು 1968ರ ಅಕ್ಟೋಬರ್ 15ರ ಎರಡು ಶಾಸನಗಳು. 1612ನೆಯ ಸಂಖ್ಯೆಯ ನಿಯಮಾವಳಿಯು, ಯಾವ ದೇಶದ ಪ್ರಜೆಯಾದರೂ ಸರಿಯೆ, ಕಾರ್ಮಿಕನ ಪತಿ ಅಥವಾ ಪತ್ನಿ ಅವನೊಡನೆ ನೆಲಸಬಹುದೆಂದು ವಿಧಿಸಿತು. ಅದರ ಜೊತೆಯಲ್ಲಿಯೇ ಹೊರಬಿದ್ದ 360ನೆಯ ನಿರ್ದೇಶನವು, ಸದಸ್ಯರಾಷ್ಟ್ರಗಳ ಪ್ರಜೆಗಳಿಂದ ವೀಸಾ ಕೇಳಕೂಡದೆಂದು ಹೇಳಿ, ಹೊರನಾಡಿನ ಕುಟುಂಬಸದಸ್ಯರಿಂದ ಮಾತ್ರ ಕೇಳಬಹುದೆಂದು ಅಪವಾದವನ್ನು ಸೇರಿಸಿತು. ಆದರೆ ಆ ವೀಸಾಕ್ಕೆ ಶುಲ್ಕವಿರಬಾರದು, ಅದನ್ನು ಪಡೆಯಲು ಸಕಲ ಅನುಕೂಲಗಳನ್ನೂ ಕಲ್ಪಿಸಬೇಕು ಎಂದೂ ಕಟ್ಟುಮಾಡಿತು. ವಿನಾಯಿತಿಯಿನ್ನೂ ದೂರವಿತ್ತು, ದಾರಿಯ ತಡೆ ಮಾತ್ರ ಹಗುರವಾಯಿತು.

ಈ ಹಕ್ಕಿನಲ್ಲೊಂದು ವೈಚಿತ್ರ್ಯವೂ ಅಡಗಿತ್ತು. ತನ್ನ ನಾಡನ್ನು ಬಿಟ್ಟು ಕದಲದ ಪ್ರಜೆಗೆ ಐರೋಪ್ಯ ಕಾನೂನು ಒದಗುತ್ತಿರಲಿಲ್ಲ. ಅವನ ಸಂಗಾತಿ ಸ್ವದೇಶದ ವಲಸೆಕಾನೂನಿಗೆ, ಅದೆಷ್ಟೇ ಬಿಗಿಯಾಗಿದ್ದರೂ, ತಲೆಬಾಗಬೇಕಾಗಿತ್ತು. ಹೊರಗೆ ಹೋಗಿ ಮರಳಿದವನ ಪಾಡೇನೆಂಬುದು ನಿರ್ಣಯವಾದುದು ಭಾರತೀಯನೊಬ್ಬನ ವ್ಯಾಜ್ಯದಲ್ಲಿ. ಬ್ರಿಟಿಷ್ ಪ್ರಜೆಯನ್ನು 1982ರಲ್ಲಿ ಮದುವೆಯಾಗಿದ್ದ ಆತ, ಮರುವರ್ಷ ಪತ್ನಿಯೊಡನೆ ಜರ್ಮನಿಗೆ ಹೋಗಿ, ಇಬ್ಬರೂ ಅಲ್ಲಿ ದುಡಿದು, 1985ರ ಕೊನೆಯಲ್ಲಿ ಸ್ವಂತ ವ್ಯಾಪಾರ ತೆರೆಯಲೆಂದು ಬ್ರಿಟನ್ನಿಗೆ ಹಿಂತಿರುಗಿದಾಗ, ಅವನ ವಾಸದ ಹಕ್ಕು ಬ್ರಿಟಿಷ್ ಕಾನೂನಿನಿಂದ ಬಂದುದೋ ಐರೋಪ್ಯ ಕಾನೂನಿನಿಂದ ಬಂದುದೋ ಎಂಬ ಚರ್ಚೆ ಹುಟ್ಟಿತು. ಸುರೀಂದರ್ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ, 1992ರ ಜುಲೈ 7ರಂದು ನ್ಯಾಯಾಲಯವು, ಮರಳಿ ಬರುವಾಗ ಸಂಗಾತಿಗೆ ಪರನಾಡಿನಲ್ಲಿ ದೊರೆಯುವಷ್ಟಾದರೂ ಹಕ್ಕು ದೊರೆಯದಿದ್ದರೆ ಪ್ರಜೆಯು ಮೊದಲಿಗೇ ಹೊರಡಲು ಅಳುಕುವನೆಂದು ತರ್ಕಿಸಿ, ಐರೋಪ್ಯ ಕಾನೂನಿನ ಪಕ್ಷವನ್ನು ಎತ್ತಿಹಿಡಿಯಿತು.

ವೀಸಾ ಇಲ್ಲದೆ ಗಡಿಗೆ ಬಂದು ನಿಂತವರ ಸಮಸ್ಯೆ ಇತ್ಯರ್ಥವಾದುದು ಅದಾದ ಹತ್ತು ವರ್ಷಗಳ ಮೇಲೆ. ಬೆಲ್ಜಿಯಂ ಸರ್ಕಾರದ 1997ರ ಸುತ್ತೋಲೆಯೊಂದನ್ನು ಅಲ್ಲಿನ ಜನಾಂಗದ್ವೇಷವಿರೋಧಿ ಸಂಸ್ಥೆಯಾದ ಎಂರಾಕ್ಸ್ ಪ್ರಶ್ನಿಸಿದಾಗ, 2002ರ ಜುಲೈ 25ರ ತೀರ್ಪು, ತನ್ನ ಗುರುತನ್ನೂ ವಿವಾಹಸಂಬಂಧವನ್ನೂ ರುಜುವಾತುಪಡಿಸಬಲ್ಲ ಸಂಗಾತಿಯನ್ನು, ಸಾರ್ವಜನಿಕ ಸುವ್ಯವಸ್ಥೆಗಾಗಲಿ ಭದ್ರತೆಗಾಗಲಿ ಆರೋಗ್ಯಕ್ಕಾಗಲಿ ಅಪಾಯವಿಲ್ಲದಿದ್ದಲ್ಲಿ, ವೀಸಾ ಇಲ್ಲವೆಂಬ ಒಂದೇ ಕಾರಣದಿಂದ ಗಡಿಯಿಂದ ಹಿಂದಟ್ಟಲಾಗದೆಂದು ಸಾರಿತು. ಚದರಿದ್ದ ನಿಯಮಗಳನ್ನು ಒಂದುಗೂಡಿಸಿದ 2004ರ ಏಪ್ರಿಲ್ 29ರ 38ನೆಯ ನಿರ್ದೇಶನವು ಈ ತತ್ತ್ವವನ್ನು ತನ್ನೊಳಗೆ ಅಳವಡಿಸಿಕೊಂಡುದಲ್ಲದೆ, ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಹತ್ತನೆಯ ವಿಧಿಯಂತೆ ಒಕ್ಕೂಟದ ಪ್ರಜೆಯ ಕುಟುಂಬಸದಸ್ಯರಿಗೆ ಕೊಡುವ ನಿವಾಸಪತ್ರವು ಕೈಯಲ್ಲಿದ್ದರೆ ವೀಸಾ ಬೇಡ, ಅದನ್ನು ತೋರಿಸಿದವರ ಪಾಸ್‌ಪೋರ್ಟಿನ ಮೇಲೆ ಮುದ್ರೆಯನ್ನೂ ಒತ್ತಕೂಡದು. ಪ್ರತಿ ಪಯಣಕ್ಕೂ ಹೊಸದಾಗಿ ಒದಗಿಸಬೇಕಾಗಿದ್ದ ಪುರಾವೆ ಹೀಗೆ ಒಂದು ಪತ್ರದಲ್ಲಿ ನೆಲೆಗೊಂಡಿತು. ಸಂಗಾತಿಯು ಮೊದಲೇ ಮತ್ತೊಂದು ಸದಸ್ಯರಾಷ್ಟ್ರದಲ್ಲಿ ಕಾನೂನುಬದ್ಧವಾಗಿ ವಾಸಿಸಿರಬೇಕೆಂದು 2003ರ ಅಕ್ರಿಚ್ ತೀರ್ಪು ಹೇರಿದ್ದ ನಿರ್ಬಂಧವನ್ನು ಐರ್ಲೆಂಡಿನಿಂದ ಬಂದ ಮೆಟಾಕ್ ಪ್ರಕರಣದಲ್ಲಿ, 2008ರಲ್ಲಿ, ನ್ಯಾಯಾಲಯವೇ ತೊಡೆದುಹಾಕಿತು.

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಮ್ಯೂನಿಕ್ಕಿನಲ್ಲಿ ವಾಸಿಸುವ ಇಬ್ಬರು ಕನ್ನಡತಿಯರು, ಇಬ್ಬರ ಬಳಿಯೂ ಭಾರತದ ಪಾಸ್‌ಪೋರ್ಟು. ಒಬ್ಬಳ ಗಂಡ ಅಲ್ಲಿ ಉದ್ಯೋಗದಲ್ಲಿರುವ ಫ್ರೆಂಚ್ ಪ್ರಜೆ, ಮತ್ತೊಬ್ಬಳ ಗಂಡ ಪರನಾಡಿನಲ್ಲಿ ಎಂದೂ ನೆಲಸದ ಜರ್ಮನ್ ಪ್ರಜೆ. ಒಳಗಡಿಗಳಲ್ಲಿ ತಪಾಸಣೆಯನ್ನು ಕೈಬಿಟ್ಟ ರಾಷ್ಟ್ರಗಳ ಷೆಂಗೆನ್ ವ್ಯವಸ್ಥೆಯ ಬಲದಿಂದ ಪ್ಯಾರಿಸ್ಸಿಗೆ ಇಬ್ಬರೂ ವೀಸಾ ಇಲ್ಲದೆ ಹೋಗಿಬರಬಲ್ಲರು. ಆದರೆ ಷೆಂಗೆನ್ ವಲಯದ ಹೊರಗಿರುವ ಡಬ್ಲಿನ್ನಿಗೆ ಗಂಡಂದಿರೊಡನೆ ಹೊರಟರೆಂದಾಗ, ಮೊದಲನೆಯವಳಿಗೆ ಹತ್ತನೆಯ ವಿಧಿಯ ಪತ್ರವೇ ಸಾಕು. ಜರ್ಮನಿಯ ದೇಶೀಯ ಕಾನೂನಿನಂತೆ ವಾಸಾನುಮತಿ ಪಡೆದ ಎರಡನೆಯವಳು, ಶುಲ್ಕವಿಲ್ಲದೆ ಬೇಗನೆ ದೊರೆಯಬೇಕಾದುದೇ ಆದರೂ, ವೀಸಾವನ್ನು ಪಡೆದೇ ತೀರಬೇಕು. ಸ್ವದೇಶದಲ್ಲಿ ನೆಲೆನಿಂತ ಪ್ರಜೆಯ ಸಂಗಾತಿಗಿಂತ ಪರದೇಶಕ್ಕೆ ವಲಸೆ ಬಂದವನ ಸಂಗಾತಿ ಇಲ್ಲಿ ಹೆಚ್ಚು ಭಾಗ್ಯವಂತೆ.

ಪತ್ರವನ್ನು ಕೊಟ್ಟರೂ ಅದನ್ನು ನಂಬಲು ಎಲ್ಲ ರಾಷ್ಟ್ರಗಳೂ ಸಿದ್ಧವಿರಲಿಲ್ಲ. ಸ್ಪೇನಿನಲ್ಲಿ ನೆಲಸಿದ್ದ ಬ್ರಿಟಿಷ್-ಐರಿಷ್ ಪ್ರಜೆಯೊಬ್ಬನ ಕೊಲಂಬಿಯಾ ಮೂಲದ ಹೆಂಡತಿ, ಸ್ಪೇನ್ ಕೊಟ್ಟ ನಿವಾಸಪತ್ರವಿದ್ದರೂ, ಬ್ರಿಟನ್ನಿಗೆ ಹೋಗಬೇಕಾದಾಗ ಪ್ರತ್ಯೇಕ ಅನುಮತಿಪತ್ರ ಪಡೆಯಬೇಕಾಗಿತ್ತು. ಆರು ತಿಂಗಳಿಗೊಮ್ಮೆ ಅದನ್ನು ನವೀಕರಿಸಲು ಖುದ್ದಾಗಿ ಮ್ಯಾಡ್ರಿಡ್ಡಿನ ಬ್ರಿಟಿಷ್ ಕಚೇರಿಗೆ ಹೋಗಿ, ಉದ್ಯೋಗ ಹಣಕಾಸುಗಳ ವಿವರಗಳನ್ನು ನಮೂನೆಯಲ್ಲಿ ತುಂಬಬೇಕಾಗಿತ್ತು. ಸುಳ್ಳುಮದುವೆಗಳ ಹಾವಳಿಯನ್ನು ತಡೆಯುವುದಕ್ಕೆ ಇದು ಅಗತ್ಯವೆಂಬ ಬ್ರಿಟನ್ನಿನ ವಾದವನ್ನು ಮೆಕಾರ್ಥಿ ಪ್ರಕರಣದ 2014ರ ಡಿಸೆಂಬರ್ 18ರ ತೀರ್ಪು ತಳ್ಳಿಹಾಕಿತು: ದುರುಪಯೋಗದ ಶಂಕೆಯನ್ನು ಒಬ್ಬೊಬ್ಬರ ವಿಷಯದಲ್ಲಿ ಪರಿಶೀಲಿಸಿ ನಿರ್ಣಯಿಸಬಹುದೇ ಹೊರತು, ಕೆಲವರ ತಪ್ಪನ್ನು ಮುಂದುಮಾಡಿ ಎಲ್ಲರ ಹಕ್ಕಿಗೂ ತಡೆಯೊಡ್ಡಲಾಗದು. 2017ರ ಅಕ್ಟೋಬರಿನಲ್ಲಿ, ಬ್ರಿಟನ್ ಕೊಟ್ಟ ಶಾಶ್ವತ ನಿವಾಸಪತ್ರವನ್ನು ಹಿಡಿದು ಲಂಡನ್ನಿನಿಂದ ಬುಡಾಪೆಸ್ಟಿಗೆ ಇಳಿದ ಉಕ್ರೇನಿನ ಪ್ರಯಾಣಿಕರೊಬ್ಬರನ್ನು ವೀಸಾ ಇಲ್ಲವೆಂದು ಒಳಗೆ ಬಿಡದೆ, ಕರೆತಂದ ವಿಮಾನಸಂಸ್ಥೆಗೆ ಹಂಗೆರಿಯ ಪೊಲೀಸರು ದಂಡ ವಿಧಿಸಿದರು. ಶಾಶ್ವತ ಪತ್ರಕ್ಕೂ ವಿನಾಯಿತಿಯುಂಟು, ಷೆಂಗೆನ್ ವಲಯದ ಹೊರಗಿನ ಸದಸ್ಯರಾಷ್ಟ್ರ ಕೊಟ್ಟುದಾದರೂ ಉಂಟು, ಆ ಪತ್ರವೇ ಸಂಬಂಧಕ್ಕೆ ಸಾಕಾದ ಪ್ರಮಾಣ ಎಂದು ನ್ಯಾಯಾಲಯವು 2020ರ ಜೂನ್ 18ರಂದು ತೀರ್ಪಿತ್ತಿತು.

ವಿನಾಯಿತಿಯು ತನ್ನ ಪೂರ್ಣ ವಿಸ್ತಾರವನ್ನು ಮುಟ್ಟಿದ ಆ ವರ್ಷವೇ ಅದರ ಮಿತಿಯನ್ನೂ ಬಯಲಿಗೆಳೆಯಿತು. ಜನವರಿ 31ರಂದು ಒಕ್ಕೂಟವನ್ನು ತೊರೆದಿದ್ದ ಬ್ರಿಟನ್ನಿಗೆ ಕೊಟ್ಟಿದ್ದ ಸಂಕ್ರಮಣಾವಧಿ ಡಿಸೆಂಬರ್ 31ಕ್ಕೆ ಮುಗಿಯಿತು. ಅಂದಿನಿಂದ ಬ್ರಿಟನ್ ಕೊಟ್ಟ ನಿವಾಸಪತ್ರವು, ಆರು ತಿಂಗಳ ಹಿಂದೆಯಷ್ಟೇ ನ್ಯಾಯಾಲಯದ ಮನ್ನಣೆ ಪಡೆದಿದ್ದರೂ, ಒಕ್ಕೂಟದ ಗಡಿಯಲ್ಲಿ ವೀಸಾಕ್ಕೆ ಬದಲಾಗಿ ಸಲ್ಲದಾಯಿತು. ಪತ್ರದ ಒಡತಿ ಬದಲಾಗಿರಲಿಲ್ಲ, ಅವಳ ದಾಂಪತ್ಯವೂ ಬದಲಾಗಿರಲಿಲ್ಲ. ಪತ್ರವನ್ನು ಕೊಟ್ಟ ರಾಷ್ಟ್ರವು ಪರಸ್ಪರ ವಿಶ್ವಾಸದ ವರ್ತುಲದಿಂದ ಹೊರಗಾಗಿತ್ತು. ಕುಟುಂಬದ ಐಕ್ಯವನ್ನು ಕಾಪಾಡಲೆಂದು ಬೆಳೆದುಬಂದ ಈ ಹಕ್ಕು ಕುಟುಂಬದ ಸ್ವಂತ ಆಸ್ತಿಯಾಗಿ ಎಂದೂ ಪರಿಣಮಿಸಲಿಲ್ಲವೆಂಬುದು ಈ ಚರಿತ್ರೆಯಿಂದ ಸಿದ್ಧವಾಗುವ ಮಾತು.