ಒಂದು ರೂಪಾಯಿಯ ಫೋನು

ಮುಂಬಯಿಗೆ ಬಂದ ನಮ್ಮ ಕಡೆಯವರಿಗೆ ಊರಿನ ಪತ್ರದಲ್ಲಿ ಬರೆಯಲಾಗದ ಸಂಗತಿ ಒಂದಾದರೂ ಇರುತ್ತದೆ. ನನ್ನದು ಕುಡಿತ. 1978ರಲ್ಲಿ ಕುಂದಾಪುರದ ಕಡೆಯಿಂದ ಬಂದವನು ನಾನು. ಊರಲ್ಲಾದರೆ ಗಡಂಗಿನ ಬಾಗಿಲಲ್ಲಿ ನಿಂತರೆ ಸಾಕು, ರಾತ್ರಿಯೊಳಗೆ ಅಪ್ಪಯ್ಯನ ಕಿವಿಗೆ ಸುದ್ದಿ ಮುಟ್ಟುತ್ತಿತ್ತು. ಇಲ್ಲಿ ಕೇಳುವವರು ಯಾರು? ಫೋರ್ಟಿನ ಆಫೀಸಿನಲ್ಲಿ ಹಗಲೆಲ್ಲ ಲೆಕ್ಕ ಬರೆಯುತ್ತಿದ್ದವನು ಸಂಜೆಯ ಲೆಕ್ಕವನ್ನು ಮಾತ್ರ ಇಡಲಿಲ್ಲ.

1994ರ ಮಳೆಗಾಲದಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಆ ವಾರ ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ಜಾಹೀರಾತು ಕಂಡಿತು: ಕುಡಿತ ಬಿಡಬೇಕೆಂದಿದ್ದರೆ ಫೋನು ಮಾಡಿ. ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹನ್ನೊಂದು ದಿನ ತಿರುಗಿದೆ. ಕೊನೆಗೆ ಮಾಟುಂಗಾ ಸ್ಟೇಷನ್ನಿನ ಹೊರಗೆ ಪೆಟ್ಟಿಗೆ ಫೋನಿಗೆ ಒಂದು ರೂಪಾಯಿ ಹಾಕಿದೆ. ಆ ಕಡೆಯವರು ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ಇವತ್ತು ಕುಡಿದಿದ್ದೀರಾ? ಕುಡಿದಿದ್ದರೂ ಅಡ್ಡಿಯಿಲ್ಲ, ಬನ್ನಿ" ಅಂತ ಹಿಂದಿಯಲ್ಲಿ ಹೇಳಿ ವಿಳಾಸ ಕೊಟ್ಟರು.

ಈ ಕೂಟ ಹುಟ್ಟಿದ್ದೂ ಒಂದು ಫೋನಿನಿಂದಲೇ ಎಂಬುದು ನನಗೆ ಆಮೇಲೆ ತಿಳಿಯಿತು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆಯ ಮನುಷ್ಯನೊಬ್ಬ ವ್ಯವಹಾರಕ್ಕೆಂದು ಒಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಬಂದಿದ್ದ. ಹೆಸರು ಬಿಲ್. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಪರ ಊರು, ಒಂಟಿ ಮನುಷ್ಯ, ಹೋಟೆಲಿನ ಒಂದು ಬದಿಯಲ್ಲಿ ಬಾರು, ಇನ್ನೊಂದು ಬದಿಯಲ್ಲಿ ಫೋನು. ಅವನು ಫೋನಿನ ಕಡೆ ನಡೆದ. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಕರೆ ಮಾಡಿದ. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಅವರಿವರನ್ನು ಕೇಳಿ ಮರುದಿನ, ಮೇ 12ರಂದು, ಬಾಬ್ ಎಂಬ ಶಸ್ತ್ರವೈದ್ಯನನ್ನು ಕಂಡ. ಕಾಲು ಗಂಟೆ ಎಂದು ಕೂತ ಡಾಕ್ಟರು ರಾತ್ರಿ ಹನ್ನೊಂದರವರೆಗೂ ಏಳಲಿಲ್ಲ. ಆ ಡಾಕ್ಟರು ಕೊನೆಯ ಗುಟುಕು ಕುಡಿದ 1935ರ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿದ ದಿನ ಎನ್ನುತ್ತಾರೆ. ಆ ಹೆಸರು ಬಂದದ್ದು 1939ರಲ್ಲಿ ಹೊರಟ ಪುಸ್ತಕದಿಂದ.

ಮುಂಬಯಿಯಲ್ಲಿ ಈ ಕೂಟ ಶುರುವಾದದ್ದು 1957ರಲ್ಲಿ. ಆ ಕಾಲವನ್ನು ನೆನೆಯಬೇಕು. 1949ರ ಕಾಯಿದೆಯ ಬಲದಿಂದ ಮುಂಬಯಿ ರಾಜ್ಯದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಪರ್ಮಿಟ್ ಇಲ್ಲದೆ ಕುಡಿಯುವುದು ಅಪರಾಧ. ಹಾಗಂತ ಕುಡಿತವೇನೂ ನಿಂತಿರಲಿಲ್ಲ. ಗಲ್ಲಿಗಲ್ಲಿಗಳಲ್ಲಿ 'ಆಂಟಿ'ಗಳ ಕಳ್ಳಭಟ್ಟಿ ಅಡ್ಡೆಗಳಿದ್ದವು. ಕುಡಿದೆ ಎಂದರೆ ಪೊಲೀಸರು ಹಿಡಿಯುವ ಊರಲ್ಲಿ, ಹತ್ತು ಜನರ ಮುಂದೆ ಎದ್ದುನಿಂತು ನಾನು ಕುಡುಕ ಎನ್ನಬೇಕಾದರೆ ಹೆಸರು ಮುಚ್ಚಿಡುವ ಕಟ್ಟಳೆ ಎಷ್ಟು ಬೇಕಾಗಿತ್ತೆಂದು ಊಹಿಸಬಹುದು. ಈ ಬರಹದ ಕೆಳಗೆ ನನ್ನ ಪೂರ್ತಿ ಹೆಸರಿಲ್ಲದಿರುವುದಕ್ಕೂ ಅದೇ ಕಟ್ಟಳೆ ಕಾರಣ.

ನನಗೆ ಕೊಟ್ಟ ವಿಳಾಸ ಒಂದು ಚರ್ಚಿನ ಹಿಂದಿನ ಹಾಲು. ಮತ ಬದಲಿಸುತ್ತಾರೇನೋ ಎಂದು ಹೆದರಿ ಎರಡು ಸಲ ಗೇಟಿನಿಂದ ವಾಪಸು ಬಂದೆ. ಮೂರನೆಯ ಸಲ ಒಳಗೆ ಹೋದರೆ ಬೆಂಚಿನ ಮೇಲೆ ಹದಿನೈದು ಜನ, ಚಹಾ, ಅಷ್ಟೆ. ದೇವರ ಮಾತು ಬಂತು. ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದರು. ಫೀಸಿಲ್ಲ, ಇದ್ದವರು ಡಬ್ಬಿಗೆ ಕೈಲಾದಷ್ಟು ಹಾಕುತ್ತಾರೆ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಬುದ್ಧಿ ಹೇಳುವವರು ಯಾರೂ ಇಲ್ಲ. ಒಬ್ಬೊಬ್ಬರೇ ತಮ್ಮ ಕತೆ ಹೇಳುತ್ತಾರೆ, ಉಳಿದವರು ಸುಮ್ಮನೆ ಕೇಳುತ್ತಾರೆ. ನನ್ನ ಸರದಿಯಲ್ಲಿ "ಮೈ ಶರಾಬಿ ಹೂಂ" ಎಂದೆ. ಸಲೀಸಾಗಿ ಬಂತು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ಮುಗಿದ ಮೇಲೆ ಒಬ್ಬರು ಹತ್ತಿರ ಬಂದರು. ಹೋಟೆಲೊಂದರಲ್ಲಿ ಅಡುಗೆಯವರು. "ನೀವು ಊರ್ ಬದಿಯವ್ರಾ ಮಾರಾಯ್ರೆ? ನಿಮ್ಮ ಹಿಂದಿ ಕೇಂಡೇ ಗೊತ್ತಾಯ್ತ್" ಅಂದರು. ನನಗೆ ಎದೆ ಧಸಕ್ಕೆಂದಿತು. ಊರಿಗೆ ಸುದ್ದಿ ಹೋಯಿತು ಎಂದೇ ಲೆಕ್ಕ. ಅವರಿಗೆ ಅದು ತಿಳಿಯಿತೇನೋ, "ನಂಗೂ ಊರಿದ್ದು, ನಂಗೂ ಮರ್ಯಾದಿ ಇದ್ದು" ಅಂದರು. ಬಸ್ ಸ್ಟಾಪಿನಲ್ಲಿ ಇಬ್ಬರೂ ಕೂತೆವು. ಅವರು ತಮ್ಮ ಕತೆಯನ್ನು ಕನ್ನಡದಲ್ಲಿ ಹೇಳಿದರು. ನನ್ನದನ್ನು ಹೇಳಲು ಹೋದರೆ "ನಾನೊಬ್ಬ ಕುಡುಕ" ಎಂಬ ಎರಡೇ ಶಬ್ದ ಗಂಟಲಲ್ಲಿ ನಿಂತವು. ಅಪ್ಪಯ್ಯ ಗಡಂಗಿನವರನ್ನು ಬೈಯುತ್ತಿದ್ದ ಶಬ್ದ ಅದು. ಕೊನೆಯ ಬಸ್ಸು ಬರುವ ಹೊತ್ತಿಗೆ ಹೇಳಿದೆ. ನನ್ನ ಪಾಲಿಗೆ ಮೊದಲ ಮೀಟಿಂಗು ಅದೇ.

ಪರ ಊರು ನನ್ನ ಕುಡಿತವನ್ನು ಹದಿನಾರು ವರ್ಷ ಮುಚ್ಚಿಟ್ಟಿತು. ಬಾಯಿ ಬಿಡುವುದಕ್ಕೆ ಜಾಗ ಕೊಟ್ಟದ್ದೂ ಅದೇ. ಊರಲ್ಲಿದ್ದಿದ್ದರೆ ಆ ಬೆಂಚಿನ ಮೇಲೆ ನಾನು ಕೂರುತ್ತಿರಲಿಲ್ಲ. ಈಗ ಊರಿನ ಕಡೆಯೂ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಅದನ್ನು ಕೇಳಿದಾಗ ಸಮಾಧಾನವಾಗುತ್ತದೆ. ಎಲ್ಲರೂ ಇಷ್ಟು ದೂರ ಬರಬೇಕಾಗಿಲ್ಲ.

ಹೆಂಡತಿ ಮಗಳು ವಾಪಸು ಬಂದದ್ದು ಮರುವರ್ಷ, ಅದೂ ಮೂರು ತಿಂಗಳು ನೋಡಿ ಹೇಳುತ್ತೇನೆ ಎಂಬ ಕರಾರಿನ ಮೇಲೆ. ಅಡುಗೆಯವರು ಈಗಿಲ್ಲ. ನಾನು ಗುರುವಾರ ಗುರುವಾರ ಹೋಗುತ್ತೇನೆ. ಒಮ್ಮೊಮ್ಮೆ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತದೆ. ಆ ಕಡೆ ಮಾತಿಲ್ಲ, ಬರೀ ಉಸಿರು. ಹೆಸರು ಕೇಳುವುದಿಲ್ಲ. ಕನ್ನಡದವರಿರಬಹುದು ಅನಿಸಿದರೆ ಕನ್ನಡದಲ್ಲೇ ಕೇಳುತ್ತೇನೆ: "ಇವತ್ತು ಕುಡಿದಿದ್ದೀರಾ? ಅಡ್ಡಿಯಿಲ್ಲ, ಬನ್ನಿ."